ಕ್ಯಾಂಪಿಗೆ ನೀರು ಕೊಟ್ಟದ್ದು

ಗಲ್ಫಿನಲ್ಲಿ, ಅಲ್ ಅಮೇರಾತಿನ ಗುಡ್ಡಗಳ ಹಿಂದೆ, ಪೈಪಿನ ನೀರು ಇನ್ನೂ ತಲುಪದಿದ್ದ ಜಾಗಗಳಿಗೆ ನಾನು ಎಂಟು ವರ್ಷ ನೀರು ಸಾಗಿಸಿದೆ. ನನ್ನದು ನೀಲಿ ಬಣ್ಣದ ಟ್ಯಾಂಕರ್. ಇಲ್ಲಿ ನೀಲಿ ಎಂದರೆ ಕುಡಿಯುವ ನೀರು, ಹಳದಿ ಎಂದರೆ ಕೊಳಚೆ. ಹಳದಿ ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡವರು ಕಾರಿನ ಗಾಜು ಏರಿಸುತ್ತಾರೆ, ನಮ್ಮ ಹಿಂದೆ ಸಿಕ್ಕಿಕೊಂಡವರು ಬರೀ ಹಾರ್ನ್ ಹೊಡೆಯುತ್ತಾರೆ. ನಮಗಿದ್ದ ಮರ್ಯಾದೆ ಅಷ್ಟೇ.

ಟ್ಯಾಂಕರಿನ ಕಾಗದಪತ್ರ ಕಫೀಲನ, ಎಂದರೆ ನಮ್ಮ ವೀಸಾಕ್ಕೆ ಜಾಮೀನು ನಿಂತ ಇಲ್ಲಿನ ಅರಬನ, ಹೆಸರಿನಲ್ಲಿತ್ತು. ವ್ಯವಹಾರ ನಡೆಸುತ್ತಿದ್ದವರು ಬಂಟ್ವಾಳ ಕಡೆಯ ಒಬ್ಬರು ಹಾಜಿಗಳು. ನಾನೂ ಅದೇ ತಾಲೂಕಿನ ಬ್ಯಾರಿ. ಊರಿನಲ್ಲಿ ಮರದ ಲಾರಿ ಓಡಿಸುತ್ತಿದ್ದವನನ್ನು ವೀಸಾ ಕೊಟ್ಟು ಕರೆಸಿಕೊಂಡವರು ಅವರೇ. ಕಟು ಮಾತಿನವರಲ್ಲ. ನನ್ನ ತಾಯಿ ತೀರಿಹೋದಾಗ ಅದೇ ದಿನದ ವಿಮಾನಕ್ಕೆ ನನ್ನನ್ನು ಹತ್ತಿಸಿ ಕಳಿಸಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವ ಕಥೆಯಲ್ಲಿ ಅವರನ್ನು ಕೆಟ್ಟವರೆಂದು ತಿಳಿಯುವುದು ಸುಲಭ.

ನಾನು ನೀರು ಹಾಕುತ್ತಿದ್ದ ಜಾಗಗಳಲ್ಲಿ ಒಂದು ಕಾರ್ಮಿಕರ ಕ್ಯಾಂಪ್. ಕಾಂಕ್ರೀಟಿನ ಗೋಡೆ, ಕಂಬಗಳನ್ನು ಎರಕ ಹೊಯ್ದು ಲಾರಿಯಲ್ಲಿ ಕಳಿಸುವ ಕಾರ್ಖಾನೆಯೊಂದರ ಕೆಲಸಗಾರರು ಅಲ್ಲಿದ್ದರು. ಬಿಹಾರ, ತೆಲಂಗಾಣ, ಬಾಂಗ್ಲಾದೇಶ, ಪಾಕಿಸ್ತಾನದವರು. ತಗಡಿನ ಕೋಣೆಗಳ ನಾಲ್ಕು ಸಾಲು, ಒಂದು ಅಡುಗೆ ಶೆಡ್ಡು, ನೆಲದೊಳಗೆ ಒಂದು ಸಿಮೆಂಟ್ ಟ್ಯಾಂಕಿ. ಸುತ್ತ ಕಲ್ಲು ಬಿಟ್ಟರೆ ಬೇರೇನೂ ಇಲ್ಲ. ಕುಡಿಯಲಿಕ್ಕೆ, ಅಡುಗೆಗೆ, ಸ್ನಾನಕ್ಕೆ, ಕಕ್ಕಸಿಗೆ, ಎಲ್ಲದಕ್ಕೂ ನಾನು ತಂದ ನೀರೇ.

ಟ್ಯಾಂಕಿ ತುಂಬಲು ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು. ಒಂದು ದಿನ ಹಾಗೆ ಕಾಯುತ್ತ ಫೋನಿನಲ್ಲಿ ಕನ್ನಡ ವಾರ್ತೆ ಹಾಕಿಕೊಂಡು ಕುಳಿತಿದ್ದೆ. ತಲೆಗೆ ಟವೆಲು ಸುತ್ತಿದ ವಯಸ್ಸಾದವರೊಬ್ಬರು ಬಾಗಿಲ ಹತ್ತಿರ ಬಂದು ನಿಂತರು.

“ಕನ್ನಡದವರೇನ್ರಿ?”

“ಹೌದು, ಮಂಗಳೂರು ಕಡೆ.”

“ನಮ್ದು ಯಾದಗಿರಿ ಕಡಿ. ಈ ಕ್ಯಾಂಪಿನಾಗ ನಾ ಒಬ್ಬನೇ ಕನ್ನಡದಾಂವ. ಸ್ವಲ್ಪ ಜೋರ್ ಹಚ್ರಿ, ನಾನೂ ಕೇಳ್ತೀನಿ.”

ಎರಕದ ಅಚ್ಚುಗಳನ್ನು ಕೂಡಿಸುವ ಕೆಲಸ ಅವರದ್ದು. ನಾನು ಮೇಸ್ತ್ರಿ ಎಂದು ಕರೆಯುತ್ತಿದ್ದೆ. ಅವರು ಎರಡು ವಾರದಲ್ಲಿ ‘ರಿ’ ಬಿಟ್ಟು ನನ್ನನ್ನು ತಮ್ಮಾ ಎನ್ನಲು ಸುರುಮಾಡಿದರು. ನಾನು ‘ಎಂತ ಮೇಸ್ತ್ರಿ?’ ಎಂದರೆ ಸಾಕು, ಅವರಿಗೆ ನಗು. “ಎಂತ ಅಂದ್ರ ಎಂಥಾದ್ದೋ ಮಾರಾಯ? ನೀವು ಮಂಗಳೂರಾವ್ರು ಪುಸ್ತಕ ಓದಿದ್ಹಂಗ ಮಾತಾಡ್ತೀರಿ,” ಎನ್ನುತ್ತಿದ್ದರು. ಮಾರಾಯ ಎಂಬುದು ಅವರು ನನ್ನಿಂದಲೇ ಕಲಿತ ಮಾತು. ಹೋಸಿನ ಬಾಯಿಂದ ನೀರು ಬೀಳತೊಡಗಿದ ಕೂಡಲೇ ಬೊಗಸೆ ಒಡ್ಡಿ ಮುಖಕ್ಕೆ ಎರಚಿಕೊಂಡು, ಆಮೇಲೆ ನನ್ನ ಹತ್ತಿರ ಬಂದು ಕೂರುತ್ತಿದ್ದರು. ದಿನದಲ್ಲಿ ನಾನು ಯಾರ ಜೊತೆಗಾದರೂ ಮನಸ್ಸು ಬಿಚ್ಚಿ ಮಾತಾಡುತ್ತಿದ್ದೆನಾದರೆ ಅದು ಆ ಅರ್ಧ ಗಂಟೆ.

ಬೇಸಿಗೆಯ ಮಧ್ಯಾಹ್ನಗಳಲ್ಲಿ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ ಈ ದೇಶದಲ್ಲಿದೆ. ಹೆಚ್ಚಿನವರು ಪಾಲಿಸುತ್ತಾರೆ ಕೂಡ. ಈ ಕಾರ್ಖಾನೆಯವರು ಒಂದು ಉಪಾಯ ಮಾಡಿದ್ದರು. ಎರಕದ ಅಂಗಳದ ಮೇಲೆ ಹಸಿರು ಬಲೆ ಕಟ್ಟಿಸಿ, ಇದು ಬಯಲಲ್ಲ, ನೆರಳು ಎಂದರು.

“ಬಿಸಿಲಿಲ್ಲ ಅಂತಾರ ತಮ್ಮಾ. ಆ ಬಲಿ ಕೆಳಗ ಗಾಳೀನೂ ಇಲ್ಲ. ಕಂಬಿ ಮುಟ್ಟಿದ್ರ ಕೈ ಸುಡ್ತದ,” ಎಂದು ಮೇಸ್ತ್ರಿ ಹೇಳಿದ್ದರು.

ಜುಲೈಯಲ್ಲಿ ಆ ಬಲೆಯ ಕೆಳಗೆ ಕಂಬಿ ಕಟ್ಟುತ್ತಿದ್ದ ತೆಲಂಗಾಣದ ಒಬ್ಬ ಕುಸಿದುಬಿದ್ದ. ಮದುವೆಯಾಗಿ ಒಂದು ವರ್ಷ ತುಂಬಿರಲಿಲ್ಲ. ನಾಲ್ಕು ಜನ ಎತ್ತಿ, ಕ್ಯಾಂಪಿನಿಂದ ಕೆಲಸಕ್ಕೆ ಕರೆತರುವ ಕಂಪನಿ ಬಸ್ಸಿನಲ್ಲಿ ಮಲಗಿಸಿ ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಹೋಯಿತು ಜೀವ. ಅವನಿಗೆ ಮೊದಲೇ ಹೃದಯದ ಕಾಯಿಲೆ ಇತ್ತು ಎಂದು ಕಂಪನಿಯವರು ಹೇಳಿದರು.

ಮರುದಿನ ಬೆಳಿಗ್ಗೆ ಬಸ್ಸು ಬಂದು ಹಾರ್ನ್ ಹೊಡೆದಾಗ ಯಾರೂ ಹತ್ತಲಿಲ್ಲ. ನಾನು ನೀರು ತೆಗೆದುಕೊಂಡು ಹೋದಾಗ ಎಲ್ಲರೂ ಅಡುಗೆ ಶೆಡ್ಡಿನ ನೆರಳಿನಲ್ಲಿ ಸಾಲಾಗಿ ಕೂತಿದ್ದರು. ಘೋಷಣೆಯಿಲ್ಲ, ಕೂಗಾಟವಿಲ್ಲ. ಮಧ್ಯಾಹ್ನದ ಕೆಲಸ ನಿಲ್ಲಬೇಕು, ಅಂಗಳದಲ್ಲಿ ತಣ್ಣೀರು ಇಡಬೇಕು, ಸತ್ತವನ ಶವದ ಜೊತೆ ಅವನ ಊರಿನವನೊಬ್ಬನನ್ನು ಕಳಿಸಬೇಕು. ಅವರು ಕೇಳಿದ್ದು ಇಷ್ಟೇ. ಮುಂದಾಳು ಎಂದು ಯಾರನ್ನೂ ಆರಿಸಿರಲಿಲ್ಲ. ಆದರೆ ಹಿರಿಯರೆಂದು ಎಲ್ಲರೂ ಮೇಸ್ತ್ರಿಯ ಮುಖ ನೋಡುತ್ತಿದ್ದರು.

“ಕಲ್ಲ ಎತ್ತಬ್ಯಾಡ್ರಿ, ಬಾಯಿ ಮಾಡಬ್ಯಾಡ್ರಿ ಅಂತ ಹೇಳೀನಿ. ಸುಮ್ನ ಕುಂಡ್ರೋದು. ಕುಂತವ್ರಿಗಿ ಏನ್ ಮಾಡ್ತಾರ?” ಎಂದರು ನನ್ನೊಡನೆ.

ಏನು ಮಾಡುತ್ತಾರೆಂಬುದು ಎರಡು ದಿನ ಬಿಟ್ಟು ನನಗೆ ಗೊತ್ತಾಯಿತು. ಬೆಳಿಗ್ಗೆ ನೀರು ತುಂಬಿಸುವ ಸ್ಟೇಷನ್ನಿನಲ್ಲಿ ಸಾಲಿನಲ್ಲಿ ನಿಂತಿದ್ದಾಗ ಹಾಜಿಗಳ ಫೋನು ಬಂತು.

“ಮೋನೇ, ಇವತ್ತಿನಿಂದ ಆ ಕ್ಯಾಂಪಿಗೆ ಹೋಗ್ಬೇಡ. ಅವರು ನೀರು ಬೇಡ ಹೇಳಿದ್ದಾರೆ.”

“ಯಾರು ಬೇಡ ಹೇಳಿದ್ದು? ಅಲ್ಲಿದ್ದವರಾ?”

“ಆಫೀಸಿನವರು. ಕೆಲಸಕ್ಕೆ ಹೊರಡುವವರೆಗೆ ನೀರು ಬೇಡವಂತೆ.”

“ಹಾಜಿಗಳೇ, ಈ ಸೆಕೆಗೆ ಅಲ್ಲಿ ಟ್ಯಾಂಕಿಯಲ್ಲಿ ಒಂದು ದಿನದ ನೀರೂ ಇಲ್ಲ.”

“ನನಗೆ ಗೊತ್ತುಂಟು. ನಾನು ನೀರು ಮಾರುವವ, ನ್ಯಾಯ ಹೇಳುವವ ಅಲ್ಲ. ನೀನು ಸೀದಾ ವಿಲ್ಲಾಗಳ ಕಡೆಗೆ ಹೋಗು,” ಎಂದು ಫೋನಿಟ್ಟರು.

ಆ ದಿನ ನಾನು ಎರಡು ಹೊಸ ಮನೆಗಳಿಗೂ ಒಂದು ತೋಟಕ್ಕೂ ನೀರು ಹಾಕಿದೆ. ತೋಟದಲ್ಲಿ ಕೆಲಸದವನು ಹೋಸು ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದ. ಮಧ್ಯಾಹ್ನ ಮೇಸ್ತ್ರಿಯ ಫೋನು ಬಂತು.

“ತಮ್ಮಾ, ನೀರ ಬರಲಿಲ್ಲಲ್ಲ? ಗಾಡಿ ಕೆಟ್ಟದೇನು?”

“ಗಾಡಿ ಸರಿ ಉಂಟು ಮೇಸ್ತ್ರಿ. ತರಬೇಡ ಅಂತ ನಿಮ್ಮ ಆಫೀಸಿನವರು ಹೇಳಿದ್ದಾರೆ.”

ಹಿಂದೆ ಯಾರೋ ಹಿಂದಿಯಲ್ಲಿ ಏನಂತೆ, ಏನಂತೆ ಎಂದು ಕೇಳುತ್ತಿದ್ದರು.

“ಆತು ಬಿಡು. ನೀ ಏನ್ ಮಾಡ್ತಿ ಅದಕ,” ಎಂದರು. ತಂದುಕೊಡು ಎಂದು ಕೇಳಲಿಲ್ಲ. ಕೇಳಿದ್ದರೆ ಆಗುವುದಿಲ್ಲ ಎಂದು ಹೇಳಿ ಮುಗಿಸುತ್ತಿದ್ದೆನೋ ಏನೋ. ಕೇಳದೆ ಇದ್ದದ್ದೇ ನನ್ನೊಳಗೆ ಸಿಕ್ಕಿಕೊಂಡಿತು.

ಹಮ್ರಿಯಾದಲ್ಲಿ ನಾವು ಮೂವರು ಡ್ರೈವರುಗಳು ಒಂದು ಕೋಣೆಯಲ್ಲಿದ್ದೆವು. ಎದುರಿನ ಫ್ಲ್ಯಾಟಿನಲ್ಲಿ ಉಡುಪಿ ಕಡೆಯ ಕೊಂಕಣಿ ಕ್ರೈಸ್ತ ಕುಟುಂಬವಿತ್ತು. ಗಂಡ ಹಡಗಿನ ಆಫೀಸೊಂದರಲ್ಲಿ ಅಕೌಂಟೆಂಟ್, ಪುಸ್ತಕದ ಹುಚ್ಚಿನವರು. ಸಂಜೆ ಮೆಟ್ಟಿಲ ಹತ್ತಿರ ಸಿಕ್ಕಾಗ ಅವರಿಗೆ ಎಲ್ಲ ಹೇಳಿದೆ.

“ಇದು ಹೊಸತಲ್ಲ ಮಾರಾಯ್ರೇ,” ಎಂದರು ಅವರು. “ನೂರು ನೂರೈವತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಇದೇ ಆಗಿತ್ತು. ರೈಲಿನವರು, ಉಕ್ಕಿನ ಕಾರ್ಖಾನೆಯವರು, ಗಣಿಯವರು ಮುಷ್ಕರ ಹೂಡಿದ್ರೆ ಮಾಲೀಕರು ಗೇಟಿಗೆ ಬೀಗ ಹಾಕಿ, ಕಂಪನಿ ಮನೆಗಳಿಂದ ಹೆಂಡತಿ ಮಕ್ಕಳನ್ನು ಬೀದಿಗೆ ಹಾಕ್ತಿದ್ರು. ಬಾಡಿಗೆಯ ಕಾವಲುಗಾರರನ್ನು ತರಿಸ್ತಿದ್ರು. ಆಮೇಲೆ ಗುಂಡು, ಬೆಂಕಿ, ಹೆಣ.”

“ಕಡೆಗೆ ಯಾರು ಗೆದ್ದದ್ದು?”

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. “ಆಗ ಮುಷ್ಕರ ಮಾಡಿದವರಂತೂ ಅಲ್ಲ. ಅವರ ಮೊಮ್ಮಕ್ಕಳಿಗೆ ಏನಾದ್ರೂ ಸಿಕ್ಕಿರಬಹುದು.”

ಒಳಗಿನಿಂದ ಅವರ ಮಗಳು ಇಂಗ್ಲಿಷಿನಲ್ಲಿ ಊಟಕ್ಕೆ ಕರೆದಳು. ಅವರು ಹೋದರು.

ನಮ್ಮ ಊರಿನ ಮಸೀದಿಯ ಬಾವಿಯಿಂದ ಯಾರೂ ಬರಿಗೊಡ ಹಿಡಿದು ವಾಪಸಾದದ್ದನ್ನು ನಾನು ಕಂಡಿಲ್ಲ. ಬೇಸಿಗೆಯಲ್ಲಿ ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಿಯಾದರೂ ಸೇದಿ ಕೊಡುತ್ತಿದ್ದರು. ಬಾಯಾರಿದವನಿಗೆ ನೀರು ತಡೆಯಬಾರದೆಂದು ನಮಗೆ ಯಾರೂ ಕೂರಿಸಿ ಪಾಠ ಹೇಳಿರಲಿಲ್ಲ. ಅದು ಪಾಠದ ವಿಷಯವೇ ಆಗಿರಲಿಲ್ಲ. ಮರುದಿನ ನಾನು ಹಾಜಿಗಳು ಹೇಳಿದ ಮನೆಗಳಿಗೆಲ್ಲ ನೀರು ಹಾಕಿ ಮುಗಿಸಿ, ಮತ್ತೊಂದು ಲೋಡ್ ತುಂಬಿಸಿಕೊಂಡು ಯಾರಿಗೂ ಹೇಳದೆ ಕ್ಯಾಂಪಿನ ದಾರಿ ಹಿಡಿದೆ. ಮೇಸ್ತ್ರಿಗೂ ಫೋನ್ ಮಾಡಲಿಲ್ಲ. ಮಾಡಿದರೆ ಬೇಡ ಎನ್ನುತ್ತಾರೆಂಬ ಅನುಮಾನ ನನಗಿತ್ತು.

ಗೇಟಿನಲ್ಲಿ ಹಳೆಯ ಕಾವಲುಗಾರನ ಜೊತೆ ಆರೇಳು ಹೊಸ ಮುಖಗಳಿದ್ದವು. ಬೇರೆಲ್ಲಿಂದಲೋ ತಂದು ನಿಲ್ಲಿಸಿದ ಗಾರ್ಡುಗಳು, ಕೈಯಲ್ಲಿ ಲಾಠಿ. ಹಳಬ ನನ್ನ ಗಾಡಿ ಕಂಡು ಅಭ್ಯಾಸಬಲದಿಂದ ಗೇಟು ತೆರೆದ. ಹೊಸಬರಿಗೆ ತಡೆಯಬೇಕೋ ಬೇಡವೋ ತಿಳಿಯುವ ಮೊದಲೇ ನಾನು ಒಳಗಿದ್ದೆ.

ಆ ನೀಲಿ ಬಣ್ಣ ಕಂಡ ಕೂಡಲೇ ಕೋಣೆ ಕೋಣೆಗಳಿಂದ ಜನ ಓಡಿ ಬಂದರು. ಬಕೆಟು, ಪೇಂಟಿನ ಡಬ್ಬ, ಅನ್ನದ ಪಾತ್ರೆ, ಒಬ್ಬನ ಕೈಯಲ್ಲಿ ಹೆಲ್ಮೆಟ್ಟು. ಕೆಲವರು ಹಿಂದಿನ ದಿನ ದೂರದ ಅಂಗಡಿಯಿಂದ ಬಾಟಲಿ ತಂದು ಹಂಚಿಕೊಂಡಿದ್ದರಂತೆ. ಅದೂ ಮುಗಿದಿತ್ತು. ತುಟಿಗಳು ಬಿರಿದಿದ್ದವು. ನಾನು ಹೋಸನ್ನು ಟ್ಯಾಂಕಿಗೆ ಬಿಡುವಷ್ಟು ಅವಕಾಶವನ್ನೂ ಅವರು ಕೊಡಲಿಲ್ಲ, ಅಲ್ಲೇ ಕೈಯೊಡ್ಡಿದರು.

ಮೇಸ್ತ್ರಿ ಎರಡೂ ಕೈ ಎತ್ತಿ ಓಡಿಬಂದರು. “ಲೈನ್, ಲೈನ್! ಸಬ್ ಕೋ ಮಿಲೇಗಾ!” ಎಂದು ಕೂಗುತ್ತ ಒಬ್ಬೊಬ್ಬನನ್ನು ಭುಜ ಹಿಡಿದು ಹಿಂದೆ ನಿಲ್ಲಿಸಿದರು. ನನ್ನನ್ನು ನೋಡಿ, “ಯಾಕ ಬಂದಿ ತಮ್ಮಾ?” ಎಂದಷ್ಟೇ ಕೇಳಿದರು. ಬೈದರೋ ಸಂತೋಷಪಟ್ಟರೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಸಾಲು ನಿಂತಿತು. ಹತ್ತಿಪ್ಪತ್ತು ಜನಕ್ಕೆ ನೀರು ಸಿಕ್ಕಿತು. ಕುಡಿದವರು ಅಲ್ಲೇ ನೆಲಕ್ಕೆ ಕೂತುಬಿಟ್ಟರು.

ಆಗ ಕ್ಯಾಂಪ್ ಬಾಸ್ ತನ್ನ ಕ್ಯಾಬಿನ್ನಿನಿಂದ ಹೊರಗೆ ಬಂದ. ಕ್ಯಾಂಪಿನ ಉಸ್ತುವಾರಿ ಅವನದ್ದು. ಅವನೂ ನಮ್ಮ ದೇಶದವನೇ, ಹೆದರಿದ ಮನುಷ್ಯ. ಮೇಲಿನವರಿಗೆ ಏನು ಉತ್ತರ ಹೇಳಲಿ ಎಂಬುದು ಅವನ ಮುಖದ ಮೇಲೇ ಇತ್ತು.

“ಯಾರು ಹೇಳಿದ್ದು ನಿನಗೆ? ಗಾಡಿ ತೆಗಿ! ಖಲಾಸ್! ಬಂದ್ ಮಾಡು!” ಎಂದು ಹಿಂದಿಯಲ್ಲಿ ಕಿರುಚಿದ.

“ಇಷ್ಟು ಜನರದ್ದು ಆಗಲಿ, ಹೋಗ್ತೇನೆ,” ಎಂದೆ.

ಅವನು ಗಾರ್ಡುಗಳಿಗೆ ಸನ್ನೆ ಮಾಡಿದ. ಒಬ್ಬ ಬಂದು ಹೋಸನ್ನು ಎಳೆದ. ಸಾಲಿನ ಮುಂದಿದ್ದವನು ಬಿಡಲಿಲ್ಲ. ಜಗ್ಗಾಟದಲ್ಲಿ ಹೋಸು ಕೈತಪ್ಪಿ ನೆಲಕ್ಕೆ ಬಿದ್ದು, ನೀರೆಲ್ಲ ಮಣ್ಣಿಗೆ ನುಗ್ಗಿತು. ಎರಡು ದಿನದಿಂದ ನೀರಿಲ್ಲದವರ ಕಣ್ಣೆದುರೇ ಅದು ಕಲ್ಲುಗಳ ನಡುವೆ ಇಂಗಿಹೋಗುತ್ತಿತ್ತು. ಖಾಲಿ ಬಕೆಟು ಹಿಡಿದು ನಿಂತಿದ್ದ ಒಬ್ಬ ಅದೇ ಬಕೆಟನ್ನು ಗಾರ್ಡಿನ ಮುಖಕ್ಕೆ ಬೀಸಿ ಹೊಡೆದ.

ಆಮೇಲಿನದ್ದು ಕ್ರಮವಾಗಿ ನೆನಪಿಲ್ಲ. ಲಾಠಿಗಳು ಬಿದ್ದವು. ಆ ನೆಲದಲ್ಲಿ ಕಲ್ಲಿಗೆ ಬರವಿಲ್ಲ, ಬಗ್ಗಿದರೆ ಕೈಗೆ ಕಲ್ಲೇ. ಕ್ಯಾಬಿನ್ನಿನ ಗಾಜುಗಳು ಒಡೆದವು. ಗೇಟಿನ ಬಳಿ ಖಾಲಿ ನಿಂತಿದ್ದ ಬಸ್ಸಿಗೆ ಯಾರೋ ಬೆಂಕಿಯಿಟ್ಟರು. ಅಷ್ಟು ದಿನ ಸದ್ದಿಲ್ಲದೆ ಕೂತಿದ್ದವರ ಗಂಟಲಿನಿಂದ ಅಂಥ ಕೂಗು ಬರಬಹುದೆಂದು ನಾನು ಎಣಿಸಿರಲಿಲ್ಲ. ಬಿದ್ದ ಗಾರ್ಡೊಬ್ಬನನ್ನು ಮೂವರು ಸೇರಿ ಒದೆಯುತ್ತಿದ್ದರು. ಅವನು ಬಂಗಾಳಿಯಲ್ಲಿ ಅಮ್ಮಾ ಎಂದು ಕೂಗುತ್ತಿದ್ದ. ಒದೆಯುತ್ತಿದ್ದವರಲ್ಲಿ ಒಬ್ಬನ ಭಾಷೆಯೂ ಬಂಗಾಳಿಯೇ.

ಮೇಸ್ತ್ರಿ ಆ ಮೂವರನ್ನು ತಳ್ಳಿ, ಬಿದ್ದವನಿಗೆ ಅಡ್ಡ ನಿಂತರು. ಕೈ ಅಗಲಿಸಿ, “ಬಸ್! ಬಸ್ ಕರೋ!” ಎನ್ನುತ್ತಿದ್ದರು. ಕಲ್ಲು ಯಾವ ಕಡೆಯಿಂದ ಬಂತೋ ನನಗೆ ಗೊತ್ತಿಲ್ಲ. ಕಿವಿಯ ಮೇಲ್ಗಡೆ ಬಿತ್ತು. ಅವರು ನಿಂತಲ್ಲೇ ಮಂಡಿಯೂರಿ, ಹಾಗೆಯೇ ಆ ಕೆಸರಿನಲ್ಲಿ ಮಗುಚಿದರು.

ನಾನು ಅವರನ್ನು ಎಳೆದು ಟ್ಯಾಂಕರಿನ ನೆರಳಿಗೆ ತಂದೆ. ಗಾಡಿಯಲ್ಲಿ ಹಾಕಿಕೊಂಡು ಹೋಗೋಣವೆಂದರೆ ಗೇಟಿನಲ್ಲಿ ಉರಿಯುವ ಬಸ್ಸು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರ ಟವೆಲನ್ನೇ ಗಾಯಕ್ಕೆ ಒತ್ತಿ ಹಿಡಿದೆ. ಅವರು ಕಣ್ಣು ತೆರೆದು ನನ್ನನ್ನಲ್ಲ, ಪಕ್ಕದಲ್ಲಿ ಬಿದ್ದಿದ್ದ ಹೋಸನ್ನು ನೋಡಿದರು.

“ನೀರ ಬಂದ್ ಮಾಡು ತಮ್ಮಾ. ಸುಮ್ನ ಹರಿಲಾಕತ್ತದ.”

ನಾನು ಕೈಚಾಚಿ ವಾಲ್ವ್ ತಿರುಗಿಸಿದೆ. ನಾನು ಅವರ ಬಾಯಿಂದ ಕೇಳಿದ ಕಡೆಯ ಮಾತು ಅದು.

ಪೊಲೀಸರು ಬಂದರು, ಆಂಬುಲೆನ್ಸ್ ಬಂತು. ಪೊಲೀಸರ ವಾಹನ ಕಂಡ ಮೇಲೆ ಒಂದು ಕಲ್ಲೂ ಬೀಳಲಿಲ್ಲ. ಎಲ್ಲರೂ ತಾವಾಗಿಯೇ ಕೈ ತಲೆಯ ಮೇಲಿಟ್ಟು ಕೂತರು. ನನ್ನನ್ನೂ ಠಾಣೆಗೆ ಕರೆದೊಯ್ದರು. ಅಧಿಕಾರಿ ಚಹಾ ಕೊಟ್ಟು, ಒಂದೇ ಪ್ರಶ್ನೆಯನ್ನು ತಿರುಗಿ ತಿರುಗಿ ಕೇಳಿದರು: ನಿನ್ನನ್ನು ಕರೆದವರು ಯಾರು? ಯಾರೂ ಕರೆಯಲಿಲ್ಲ ಎಂದೆ. ಹಾಗಾದರೆ ಯಾಕೆ ಹೋದೆ ಎಂದರು. ನೀರಿಲ್ಲ ಎಂದು ಹೋದೆ ಎಂದೆ. ಅವರು ಬರೆದುಕೊಂಡು, ಕೆಲವು ದಿನಗಳ ಮೇಲೆ ನನ್ನನ್ನು ಬಿಟ್ಟರು.

ಹಾಜಿಗಳು ಠಾಣೆಯ ಹೊರಗೆ ಕಾರಿನಲ್ಲಿ ಕಾಯುತ್ತಿದ್ದರು. ನನ್ನನ್ನು ಹಮ್ರಿಯಾಕ್ಕೆ ಕರೆತಂದರು. ನಾನು ಇಳಿಯುವಾಗ ಅವರು ಸ್ಟಿಯರಿಂಗ್ ನೋಡುತ್ತ ಹೇಳಿದರು:

“ನೀನು ಒಳ್ಳೇದು ಮಾಡ್ಲಿಕ್ಕೆ ಹೋದದ್ದು ನನಗೆ ಗೊತ್ತುಂಟು. ಆದ್ರೆ ಅದನ್ನು ನಾನು ಯಾರ ಹತ್ರ ಹೇಳ್ಲಿ? ಕಫೀಲ್ ನಿನ್ನನ್ನು ಗಾಡಿಗೆ ಹತ್ತಿಸಬಾರದು ಹೇಳಿದ್ದಾನೆ. ಬೇರೆ ಕೆಲಸ ನೋಡು. ಬೇರೆ ಕಡೆ ಸೇರ್ಲಿಕ್ಕೆ ಅವನಿಂದ ರಿಲೀಸ್ ಕಾಗದ ಕೊಡಿಸ್ತೇನೆ.”

ಹೇಳಿದಂತೆ ಕೊಡಿಸಿದರು.

ಮೇಸ್ತ್ರಿಯನ್ನು ನೋಡಲು ಆಸ್ಪತ್ರೆಗೆ ಹೋದೆ. ಜೀವ ಉಳಿದಿತ್ತು. ಬಲಗೈ ಬಲಗಾಲಿನ ಸ್ವಾಧೀನ ಹೋಗಿ, ಮಾತು ನಿಂತಿತ್ತು. ನಾನು ‘ಎಂತ ಮೇಸ್ತ್ರಿ?’ ಎಂದೆ. ಅವರ ಎಡಗಣ್ಣಿನಿಂದ ನೀರು ಇಳಿಯಿತು. ಅದು ಗುರುತು ಹಿಡಿದದ್ದೋ, ಕಾಯಿಲೆಯದ್ದೋ, ನರ್ಸಿಗೂ ಹೇಳಲಾಗಲಿಲ್ಲ.

ಅವರ ಬ್ಯಾಗು ತಂದುಕೊಡಲು ಕ್ಯಾಂಪಿನ ಅಡುಗೆಯವ ಬಂದಿದ್ದ. ಮಲಬಾರಿನವ, ಮುಷ್ಕರದಲ್ಲಿ ಇರದಿದ್ದ ಕಾರಣ ಉಳಿದುಕೊಂಡವ. ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತಾಗ ಅವನು ನನ್ನನ್ನು ನೋಡದೆಯೇ ಹೇಳಿದ:

“ಆ ಗಲಾಟೆಯ ಮರುದಿನ ಬೆಳಿಗ್ಗೆ ಕಾರ್ಮಿಕ ಇಲಾಖೆಯ ಅಧಿಕಾರಿ ಬರುವವರಿದ್ದರು. ಒಳಗೆ ಮಲಗಿದ ಈ ಮನುಷ್ಯನೇ ಯಾರ್ಯಾರಿಗೋ ಫೋನ್ ಮಾಡಿ ಒಪ್ಪಿಸಿದ್ದು. ಒಂದು ರಾತ್ರಿ ತಡ್ಕೊಳ್ಳಿ, ಒಣಗಿದ ಟ್ಯಾಂಕಿಯನ್ನು ಅವರು ಕಣ್ಣಾರೆ ನೋಡ್ಲಿ ಅಂತ ಎಲ್ಲರಿಗೂ ಹೇಳಿದ್ದ.”

“ಅಧಿಕಾರಿ ಬಂದ್ರಾ?”

“ಬಂದ್ರು. ಬಂದಾಗ ಅವರಿಗೆ ಕಂಡದ್ದು ಸುಟ್ಟ ಬಸ್ಸು, ಒಡೆದ ಗಾಜು, ತಲೆಗೆ ಪಟ್ಟಿ ಕಟ್ಟಿದ ಗಾರ್ಡುಗಳು. ಟ್ಯಾಂಕಿಯ ಹತ್ತಿರ ನೆಲ ಒದ್ದೆ ಇತ್ತು. ನೀರು ಬಂದಿದೆಯಲ್ಲ ಅಂತ ಕಂಪನಿಯವರು ತೋರಿಸಿದ್ರು.”

ನಾನು ಎದ್ದು ಹೊರಗೆ ಬಂದೆ. ಪಾರ್ಕಿಂಗಿನಲ್ಲಿ ಎಷ್ಟು ಹೊತ್ತು ನಿಂತೆನೋ. ಬರಬೇಡ ಎಂದು ಮೇಸ್ತ್ರಿ ಹೇಳಬಹುದಿತ್ತು, ಹೇಳಲು ಅವರಿಗೆ ನಾನು ಬರುವುದೇ ಗೊತ್ತಿರಲಿಲ್ಲ. ಅಧಿಕಾರಿ ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಯಾರ ತಪ್ಪೆಂದು ಹುಡುಕಿದರೆ ಕೈಗೆ ಏನೂ ಸಿಗುವುದಿಲ್ಲ. ಬಾಯಾರಿದವರಿಗೆ ನೀರು ಕೊಟ್ಟೆ, ಆ ನೀರಿನಿಂದಲೇ ಅವರು ಸೋತರು. ಇದಕ್ಕೆ ಪಶ್ಚಾತ್ತಾಪ ಪಡಲೂ ನನಗೆ ದಾರಿಯಿಲ್ಲ. ಇನ್ನೊಮ್ಮೆ ಅದೇ ದಿನ ಬಂದರೆ ಹೋಗದೆ ಇರುತ್ತೇನೆಯೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ.

ಮುಷ್ಕರದಲ್ಲಿದ್ದವರನ್ನು ತಂಡ ತಂಡವಾಗಿ ವಿಮಾನ ಹತ್ತಿಸಿದರು. ಕಲ್ಲೆತ್ತಿದವರು, ಎತ್ತದವರು, ಜ್ವರದಿಂದ ಕೋಣೆಯಲ್ಲೇ ಮಲಗಿದ್ದವರು, ಎಲ್ಲರೂ. ಅದೇ ವಾರ ಕಂಪನಿ ರುಸ್ತಾಕ್ ಕಡೆಯ ತನ್ನ ಇನ್ನೊಂದು ಕೆಲಸದ ಜಾಗದಿಂದ ಬಸ್ಸುಗಳಲ್ಲಿ ಜನರನ್ನು ತಂದು ತುಂಬಿಸಿತು. ಪ್ರತಿ ಬಸ್ಸಿನ ಬಾಗಿಲಲ್ಲೂ ಒಬ್ಬ ಗಾರ್ಡು. ಸತ್ತ ತೆಲಂಗಾಣದವನ ಶವ ಅಷ್ಟರಲ್ಲಿ ಒಂಟಿಯಾಗಿ ಊರಿಗೆ ಹೋಗಿತ್ತು.

ಮೇಸ್ತ್ರಿಯನ್ನು ಎರಡು ತಿಂಗಳ ಮೇಲೆ ಗಾಲಿಕುರ್ಚಿಯಲ್ಲಿ ಕಳಿಸಿದರು. ಆಮೇಲೆ ಒಂದು ಶುಕ್ರವಾರ ನಮಾಜು ಮುಗಿಸಿ ಬಂದು ಅವರ ಮನೆಗೆ ಫೋನ್ ಮಾಡಿದೆ. ಹೆಂಡತಿ ಎತ್ತಿದರು. ನಾನು ಯಾರೆಂದು ಹೇಳಿದೆ.

“ಹಾಂ, ನೀರಿನ ಗಾಡಿ ತಮ್ಮ. ನಿಮ್ ಬಗ್ಗಿ ಹೇಳ್ತಿದ್ರು ಫೋನಿನಾಗ,” ಎಂದರು. “ಏನಾತ್ರಿ ಅಲ್ಲಿ? ಕಂಪನಿಯವ್ರು ಜಾರಿ ಬಿದ್ದಾರ ಅಂತ ಬರ್ಕೊಟ್ಟಾರ. ಇವರಿಗಿ ಕೇಳಿದ್ರ ಬಾಯಿಲ್ಲ.”

ನಾನು ಎಲ್ಲವನ್ನೂ ಹೇಳಿದೆ. ಬಲೆಯಿಂದ ಸುರುಮಾಡಿ ಕಲ್ಲಿನವರೆಗೆ.

“ಯಾರ ಕಲ್ಲ ಅದು?” ಎಂದು ಕಡೆಗೆ ಕೇಳಿದರು.

“ಗೊತ್ತಿಲ್ಲ ಅಕ್ಕ.”

“ಕೂಡ ಕುಂತವ್ರದೇನ, ಆ ಕಡಿಯವ್ರದೇನ?”

“ನಿಜವಾಗ್ಲೂ ಗೊತ್ತಿಲ್ಲ.”

“ಆತು ಬಿಡ್ರಿ,” ಎಂದರು. ಗಂಡ ಆ ದಿನ ಹೇಳಿದ ಹಾಗೆಯೇ. ಫೋನನ್ನು ಮೇಸ್ತ್ರಿಯ ಕಿವಿಗೆ ಹಿಡಿದರು. ನಾನು ಏನೇನೋ ಮಾತಾಡಿದೆ. ಮಳೆ ಬಂತಾ, ಹೊಲ ಯಾರು ನೋಡ್ತಾರೆ, ಹೀಗೆ. ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು. ಮಾತು ಮುಗಿದ ಮೇಲೂ ನಾನು ಇಡಲಿಲ್ಲ. ಅವರೇ ಇಟ್ಟರು, ಅಥವಾ ಅವರ ಹೆಂಡತಿ.

ಈಗ ನಾನು ಹಮ್ರಿಯಾದ ಒಂದು ದಿನಸಿ ಅಂಗಡಿಯ ವ್ಯಾನು ಓಡಿಸುತ್ತೇನೆ. ಕೆಲವೊಮ್ಮೆ ಅಲ್ ಅಮೇರಾತಿನ ಕಡೆ ಹೋಗಬೇಕಾಗುತ್ತದೆ. ಹಾಜಿಗಳ ಟ್ಯಾಂಕರ್ ಹೊಸ ಡ್ರೈವರನ ಕೈಯಲ್ಲಿ ಅದೇ ದಾರಿಯಲ್ಲಿ ಎದುರಾಗುತ್ತದೆ. ಕ್ಯಾಂಪಿನಲ್ಲಿ ಈಗ ಹೊಸ ಜನ. ಅವರಿಗೆ ದಿನಾ ನೀರು ಬರುತ್ತದೆ. ಕಳೆದ ಜುಲೈಯಲ್ಲಿ ಕಾರ್ಖಾನೆಯ ಮುಂದಿನಿಂದ ಹಾದುಹೋದೆ. ಮಧ್ಯಾಹ್ನದ ಹೊತ್ತು, ವ್ಯಾನು ನಿಲ್ಲಿಸಿ ನೋಡಿದೆ. ಹಸಿರು ಬಲೆ ಹರಿದದ್ದನ್ನು ಬದಲಿಸಿ ಹೊಸತು ಕಟ್ಟಿದ್ದರು. ಅದರ ಕೆಳಗೆ ಜನ ಬಗ್ಗಿ ಕಂಬಿ ಕಟ್ಟುತ್ತಿದ್ದರು. ಹಿಂದಿನ ಕಾರು ಹಾರ್ನ್ ಹೊಡೆಯಿತು. ನಾನು ಗೇರು ಹಾಕಿ ಮುಂದೆ ಹೋದೆ.